ಎಪ್ಪತ್ತು ಮಾತಿನ ಡಬ್ಬಿ

ನಮ್ಮ ಮಾವ ರೇವಣಸಿದ್ದಪ್ಪನವರಿಗೂ ನನಗೂ ಹದಿನಾಲ್ಕು ವರ್ಷಗಳ ಜಗಳ. ಮದುವೆಯಾಗಿ ಹೊಸಹಳ್ಳಿಯ ಈ ಮನೆಗೆ ಬಂದ ಮೂರನೇ ದಿನ ಫ್ಯಾನಿನ ವಿಷಯಕ್ಕೆ ಶುರುವಾದದ್ದು, ಆಮೇಲೆ ಪೇಪರನ್ನು ಮೊದಲು ಯಾರು ಬಿಡಿಸಬೇಕು, ಕಾಫಿಪುಡಿಗೆ ಚಿಕೋರಿ ಎಷ್ಟಿರಬೇಕು, ಸ್ಕೂಟರನ್ನು ಗೇಟಿನ ಎಡಕ್ಕೆ ನಿಲ್ಲಿಸಬೇಕೋ ಬಲಕ್ಕೋ ಎಂದು ಬೆಳೆಯುತ್ತಾ ಹೋಯಿತು. ಅವರು ಮೂವತ್ತೊಂದು ವರ್ಷ ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಬಾಲ್ಕನಿಯಲ್ಲಿ ನಿಂತು ಒಂದು ಸಲ ಗದರಿದರೆ ಪಕ್ಕದ ಕ್ರಾಸಿನಲ್ಲಿ ಹಾಲಿನ ಪ್ಯಾಕೆಟ್ ಹಾಕುವವನು ಕೂಡ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ನನ್ನ ಬಾಯಿಯೂ ಕಡಿಮೆಯದಲ್ಲ. ನಾವಿಬ್ಬರೂ ಶುರು ಮಾಡಿದರೆ ಅತ್ತೆ ಜಗದಾಂಬಾ ಟಿವಿಯ ದನಿ ಏರಿಸಿಕೊಂಡು ಕುಳಿತುಬಿಡುತ್ತಿದ್ದರು.

ಕಳೆದ ಆಷಾಢದಲ್ಲಿ ಮಾವನ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಮನೆಯಲ್ಲಿ ಜಗಳವೆಲ್ಲ ನನ್ನೊಬ್ಬಳ ಪಾಲಿಗೆ ಬಂತು. ನಾನು ಕೂಗಾಡುತ್ತೇನೆ, ಅವರು ಸ್ಲೇಟಿನ ಮೇಲೆ ಬಳಪದಲ್ಲಿ ದುಂಡಗೆ ಉತ್ತರ ಬರೆಯುತ್ತಾರೆ, ಬರೆದು ಮುಗಿಸುವಷ್ಟರಲ್ಲಿ ನನ್ನ ಕೋಪ ಆರಿ ತಣ್ಣಗಾಗಿರುತ್ತದೆ. ಒಬ್ಬಳೇ ಜಗಳವಾಡುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ನನಗೆ ಅವರ ದನಿ ಬೇಕಾಗಿತ್ತು. ಮನೆಯಲ್ಲಿ ಯಾರ ಮುಂದೆಯೂ ಹೇಳಿಕೊಳ್ಳದ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ.

ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಸಿಗುತ್ತದೆ. ತಂದುಕೊಟ್ಟೆವು. ಒಂದೇ ದಿನ ಬಳಸಿ, ಅದರಿಂದ ಹೊರಡುವ ಗೊರಗೊರ ಸದ್ದು ಕೇಳಿ, “ಇವನ್ಯಾರೋ ನಾನಲ್ಲ” ಎಂದು ಸ್ಲೇಟಿನಲ್ಲಿ ಬರೆದು ಯಂತ್ರವನ್ನು ಡಬ್ಬಿಗೆ ಹಾಕಿದರು. ಆಪರೇಷನ್ನಿಗೆ ಮೊದಲು ನಾನು ಎರಡು ಸಂಜೆ ಊಟದ ಮೇಜಿನ ಮುಂದೆ ಕೂರಿಸಿ ಅವರ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಯಾವ ಮಾತು ಬೇಕೆಂದು ಅವರೇ ಪಟ್ಟಿ ಮಾಡಿದ್ದರು, ಒಟ್ಟು ಎಪ್ಪತ್ತು. ನನ್ನ ಗಂಡ ಗಿರಿರಾಜ್ ಅವನ್ನೆಲ್ಲ ಒಂದು ಫೋನಿಗೆ ಹಾಕಿಕೊಟ್ಟರು. ಮಾವನ ಬೆರಳುಗಳೋ ಬಾಳೆಕಾಯಿಯ ಗಾತ್ರ. ‘ಕಾಫಿ’ ಎಂದು ಒತ್ತಲು ಹೋದರೆ ಯಾರಿಗೋ ಫೋನು ಹೋಗುತ್ತಿತ್ತು. “ಗುಂಡಿ ಒತ್ತಿದರೆ ಮಾತಾಡಬೇಕು, ಪಾಸ್‌ವರ್ಡ್ ಕೇಳಬಾರದು” ಎಂದು ಬರೆದು ಅದನ್ನೂ ಬದಿಗಿಟ್ಟರು. ಆಮೇಲೆ ಎಂಟು ತಿಂಗಳು ಅವರು ಗೇಟು ದಾಟಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಚನ್ನಕೇಶವ ಬಂದರು. ಕೆಂಗೇರಿ ಉಪನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು, ಮಾವನ ಹಳೆಯ ವಿದ್ಯಾರ್ಥಿ, ವಯಸ್ಸು ಐವತ್ತಮೂರು. ಮುಂದಿನ ಭಾನುವಾರ ಶಾಲೆಯ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುತ್ತಾರಂತೆ. ಭಾಷಣ ಹಾರ ಏನೂ ಇಲ್ಲ. ಅವತ್ತಿನ ಹಾಗೆ ಸಾಲಾಗಿ ನಿಲ್ಲುತ್ತಾರೆ, ಮೇಷ್ಟ್ರು ಡ್ರಿಲ್ ಮಾಡಿಸಬೇಕು, ಅಷ್ಟೆ.

ಮಾವ ಸ್ಲೇಟು ಎತ್ತಿಕೊಂಡು ಬರೆದರು: “ಬರಲ್ಲ. ದನಿ ಇಲ್ಲದ ಪಿ.ಟಿ. ಮೇಷ್ಟ್ರು ಮೈದಾನದಲ್ಲಿ ಏನು ಮಾಡ್ತಾನೆ.”

“ಸಾರ್, ನೀವು ಸುಮ್ನೆ ಬಂದು ನಿಂತ್ಕೊಳಿ ಸಾರ್. ಯಾರಾದ್ರೂ ಹುಡುಗ್ರ ಕೈಲಿ ಹೇಳಿಸ್ತೀವಿ.”

ಮಾವ ಸ್ಲೇಟನ್ನು ಒರೆಸಿ ಗೋಡೆಯ ಕಡೆಗೆ ತಿರುಗಿದರು. ಅವರು ಹಾಗೆ ಮುಖ ತಿರುಗಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಜೊತೆಗಿನ ಸಾವಿರ ಜಗಳಗಳಲ್ಲಿ ಒಂದು ಸಲವೂ ಗೋಡೆ ನೋಡಿದವರಲ್ಲ. ನನಗೆ ತಡೆಯಲಾಗಲಿಲ್ಲ.

“ಬರ್ತಾರೆ ಬಿಡಿ ಚನ್ನಕೇಶವ ಅವ್ರೆ. ಡ್ರಿಲ್ಲೂ ಅವರೇ ಮಾಡಿಸ್ತಾರೆ, ಅವರ ದನೀಲೇ. ನೀವು ಮೈಕ್‌ನೋನಿಗೆ ಹೇಳಿಡಿ, ಸಾಕು.”

ಆಡಿದ್ದು ಆಡಿಯಾಗಿತ್ತು. ಮಾವ ಗೋಡೆಯಿಂದ ನನ್ನ ಕಡೆಗೆ ತಿರುಗಿ ಹುಬ್ಬು ಗಂಟಿಕ್ಕಿದರು, ಚನ್ನಕೇಶವ ಕೈಮುಗಿದು ಹೊರಟರು, ಅತ್ತೆ “ಇನ್ನು ನೀನುಂಟು ನಿನ್ನ ಮಾತುಂಟು” ಎನ್ನುವಂತೆ ನೋಡಿದರು. ನನಗೆ ಆರು ದಿನ ಉಳಿದಿತ್ತು.

ಮಾತು ಕೊಟ್ಟದ್ದು ಬರೀ ಬಾಯಿಚಪಲಕ್ಕಲ್ಲ. ನಾನು ಕೆಲಸ ಮಾಡುವುದು ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಒಂದು ಶೆಡ್ಡಿನಲ್ಲಿ. ಲಿಫ್ಟಿನೊಳಗೆ “ಬಾಗಿಲು ಮುಚ್ಚುತ್ತಿದೆ, ಮೂರನೇ ಮಹಡಿ” ಎಂದು ಒಬ್ಬ ಹೆಂಗಸು ಹೇಳುತ್ತಾಳಲ್ಲ, ಆ ಬೋರ್ಡು ತಯಾರಿಸುವವರು ನಾವು. ಮಾಲೀಕರು ಯೋಗಾನಂದ ಸಾರ್. ಒಟ್ಟು ಏಳು ಜನ. ಚಿಪ್ಪಿಗೆ ಪ್ರೋಗ್ರಾಮ್ ಬರೆಯುವುದು ನಾನು. ಲಿಫ್ಟಿಗೆ ಮಾತು ಕಲಿಸಿದವಳಿಗೆ ಮಾವನ ಮಾತನ್ನು ಒಂದು ಡಬ್ಬಿಗೆ ತುಂಬಿಸುವುದು ಏನು ಮಹಾ ಕೆಲಸ ಎಂದುಕೊಂಡೆ.

ಅವತ್ತೇ ಯೋಗಾನಂದ ಸಾರ್ ಬೀರುವಿನಿಂದ ಒಂದು ಹಳೆಯ ಬೋರ್ಡು ತೆಗೆದುಕೊಟ್ಟರು. ಅಂಕಿಗಳ ಒಂದು ಕೀಪ್ಯಾಡ್, ಅಂಗೈಯಗಲದ ಸ್ಪೀಕರ್, ಬ್ಯಾಟರಿ, ಕೊರಳಿಗೆ ಹಾಕಿಕೊಳ್ಳಲು ಪಟ್ಟಿ, ಎಲ್ಲ ಶೆಡ್ಡಿನಲ್ಲೇ ಸಿಕ್ಕಿತು. ಎಪ್ಪತ್ತು ಮಾತುಗಳಿಗೆ ಎಪ್ಪತ್ತು ಗುಂಡಿ ಇಡಲಾಗುವುದಿಲ್ಲವಲ್ಲ, ಏನು ಮಾಡುವುದೆಂದು ಮಾವನನ್ನೇ ಕೇಳಿದೆ. ಅವರು ಯೋಚಿಸಲೂ ಇಲ್ಲ. “ರೋಲ್ ನಂಬರ್” ಎಂದು ಬರೆದರು. ಒಂದೊಂದು ಮಾತಿಗೆ ಎರಡಂಕಿಯ ಒಂದು ನಂಬರು. ಸಾವಧಾನ್ ಸೊನ್ನೆ ಒಂದು, ವಿಶ್ರಾಮ್ ಸೊನ್ನೆ ಎರಡು, ಕಾಫಿ ಹದಿನೇಳು. ಒಂದು ಗಂಟೆಯೊಳಗೆ ಎಪ್ಪತ್ತೂ ಅವರಿಗೆ ಬಾಯಿಪಾಠವಾಗಿತ್ತು. ಮೂವತ್ತೊಂದು ವರ್ಷ ಹಾಜರಿ ಕರೆದವರಿಗೆ ಅದೇನು ಕಷ್ಟ. ಮೊದಲ ಸಲ ಅವರ ಕಣ್ಣಿನಲ್ಲಿ ಸ್ವಲ್ಪ ಹುರುಪು ಕಂಡಿತು, ಬೋರ್ಡಿನ ಸ್ಕ್ರೂ ಬಿಗಿಯಾಗಿಲ್ಲ ಎಂದು ತಪ್ಪನ್ನೂ ಹುಡುಕಿದರು.

ಮಂಗಳವಾರ ಪ್ರೋಗ್ರಾಮ್ ಶುರು ಮಾಡಿ ಗುರುವಾರ ಮಧ್ಯಾಹ್ನಕ್ಕೆ ಮುಗಿಸಿದೆ. ಎಪ್ಪತ್ತು ಮಾತುಗಳನ್ನೂ ಅಂಕಿಗಳ ಉದ್ದನೆಯ ಸಾಲುಗಳಾಗಿ ಮಾಡಿ ಪ್ರೋಗ್ರಾಮಿನೊಳಗೇ ಸೇರಿಸಿದೆ. ಒಂದು ಸೆಕೆಂಡಿನ ದನಿಗೆ ನಾಲ್ಕು ಸಾವಿರ ಬೈಟ್ ಜಾಗ. ಕೆಲವು ಮಾತುಗಳ ಹಿಂದೆ ನಮ್ಮ ಕುಕ್ಕರಿನ ಸೀಟಿ, ಬೀದಿಯ ಸೊಪ್ಪಿನವಳ ಕೂಗು ಎಲ್ಲ ಸೇರಿಕೊಂಡಿದ್ದವು. ಇರಲಿ ಎಂದು ಬಿಟ್ಟೆ. ಎಲ್ಲವನ್ನೂ ಕೂಡಿಸಿ ಚಿಪ್ಪಿಗೆ ಇಳಿಸುವ ಫೈಲು ತಯಾರಿಸಲು ಹೇಳಿದರೆ ಕಂಪ್ಯೂಟರು ಕೆಂಪಕ್ಷರದಲ್ಲಿ ಕೈ ಎತ್ತಿತು. ಚಿಪ್ಪಿನಲ್ಲಿ ಜಾಗ ಸಾಲದು, ನಲವತ್ತು ಸಾವಿರ ಬೈಟ್ ಹೆಚ್ಚಾಗಿದೆ.

ಅಂದರೆ ಹತ್ತು ಸೆಕೆಂಡಿನ ಮಾತು. ಸುಮಾರು ಹನ್ನೆರಡು ಹದಿಮೂರು ಮಾತುಗಳು.

ನನಗೆ ತಲೆ ಕೆಟ್ಟುಹೋಯಿತು. ದೊಡ್ಡ ಚಿಪ್ಪು ತರಿಸಲು ಎರಡು ವಾರ ಬೇಕು. ದನಿಯನ್ನು ಇನ್ನೂ ಒತ್ತಿ ಚಿಕ್ಕದು ಮಾಡಿ ನೋಡಿದೆ. ನೆಗಡಿ ಬಂದವನು ಡ್ರಮ್ಮಿನೊಳಗೆ ಕುಳಿತು ಮಾತಾಡಿದ ಹಾಗೆ ಕೇಳಿಸಿತು. ಆ ದನಿಯನ್ನು ಮಾವನಿಗೆ ಕೇಳಿಸಿದರೆ ಡಬ್ಬಿ ನೇರವಾಗಿ ಬಾಲ್ಕನಿಯಿಂದ ಕೆಳಗೆ ಹೋಗುತ್ತಿತ್ತು. ಚಿಪ್ಪು ಮಾಡಿದವನಿಗೆ ಬೈದೆ, ಕುಕ್ಕರಿಗೆ ಬೈದೆ, ಸೊಪ್ಪಿನವಳಿಗೂ ಬೈದೆ. ಸಂಜೆ ಕಾರ್ಡ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ಇನ್ನೂ ಕೆಲವರಿಗೆ ಬೈದು ಮನೆ ಸೇರಿದೆ.

“ಮಾವ, ಜಾಗ ಸಾಲ್ತಿಲ್ಲ. ಹತ್ತು ಸೆಕೆಂಡ್ ಕಮ್ಮಿ ಮಾಡ್ಬೇಕು. ಇಷ್ಟೊಂದು ಎಳೆದು ಎಳೆದು ಮಾತಾಡಿದ್ರೆ ಯಾವ ಚಿಪ್ಪು ತಾನೆ ತಡೆಯತ್ತೆ. ಯಾವ್ದು ಬೇಡ ಅಂತ ನೀವೇ ಹೇಳಿ.”

ಹೇಳಿದ ರೀತಿ ಒರಟಾಗಿತ್ತು. ಮಾವ ತಮ್ಮ ಪಟ್ಟಿಯನ್ನೂ ಒಂದು ಕೆಂಪು ಪೆನ್ನನ್ನೂ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಕುಳಿತರು. ಒಂದು ಗಂಟೆ ಹೊತ್ತು ಅಲ್ಲೇ ಇದ್ದರು. ಇರುವ ಎಪ್ಪತ್ತು ಮಾತುಗಳಲ್ಲಿ ಇನ್ನು ಮೇಲೆ ಯಾವುದನ್ನು ಆಡದೆ ಬದುಕಬಹುದು ಎಂದು ಒಬ್ಬ ಮನುಷ್ಯ ಕುಳಿತು ಲೆಕ್ಕ ಹಾಕುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಪಟ್ಟಿ ವಾಪಸು ಬಂತು. ಹದಿಮೂರು ಮಾತುಗಳ ಮೇಲೆ ಗೆರೆ ಎಳೆದಿದ್ದರು, ಸ್ಕೇಲು ಇಟ್ಟು ಎಳೆದ ಹಾಗೆ ನೇರವಾಗಿ. ‘ಧನ್ಯವಾದ’ ಹೋಗಿತ್ತು. ‘ದಯವಿಟ್ಟು’ ಹೋಗಿತ್ತು, ಅದನ್ನು ಅವರು ಯಾವಾಗ ಬಳಸಿದ್ದರೋ ನನಗಂತೂ ನೆನಪಿಲ್ಲ. ‘ಗ್ಯಾಸ್ ಆಫ್ ಮಾಡಿದೀಯಾ’, ‘ಟಿವಿ ಕಡಿಮೆ ಮಾಡು’, ‘ಮೊಸರು ಹುಳಿ’ ಎಲ್ಲ ಹೋಗಿದ್ದವು. ಡ್ರಿಲ್ಲಿನ ಒಂದು ಮಾತನ್ನೂ ಮುಟ್ಟಿರಲಿಲ್ಲ. ‘ಲೇ ಕತ್ತೆ, ಹೊಟ್ಟೆ ಒಳಗೆ’ ಎಂಬುದನ್ನು ಕೂಡ ಉಳಿಸಿಕೊಂಡಿದ್ದರು. ಹಾಗೇ ಓದುತ್ತಾ ಪಟ್ಟಿಯ ಕೆಳಗೆ ಬಂದೆ. ಮೂವತ್ತಮೂರನೇ ನಂಬರಿನ ಮೇಲೆ ಗೆರೆ ಇತ್ತು. ಅದು ‘ಪ್ರಭಾ’.

ಪ್ರಭಾ ಅಂದರೆ ನಾನು.

“ಏನ್ ಮಾವ ಇದು. ನನ್ನ ಹೆಸರಿಗಿಂತ ‘ಲೇ ಕತ್ತೆ’ ಜಾಸ್ತಿ ಆಯ್ತಾ ನಿಮ್ಗೆ? ಡಬ್ಬಿ ಮಾಡೋಳು ನಾನು, ಅದ್ರಲ್ಲಿ ನನ್ನೊಬ್ಬಳ ಹೆಸರೇ ಇಲ್ಲ. ಅತ್ತೆ ಹೆಸರು ಮಾತ್ರ ಹಾಗೇ ಇದೆ.”

ಟಿವಿಯ ಮುಂದಿನಿಂದ ಅತ್ತೆ ಹೇಳಿದರು, “ನನ್ನನ್ನ ಕರೀಲಿಲ್ಲ ಅಂದ್ರೆ ನಾನು ಎದ್ದು ಬರಲ್ಲ ಅಂತ ಅವರಿಗೆ ಗೊತ್ತು ಕಣೇ.”

ಮಾವ ಸ್ಲೇಟು ಎತ್ತಿಕೊಂಡರು. ಬಳಪ ಕಿರಗುಟ್ಟಿತು. ನಾನು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾ ನಿಂತೆ. ಅವರು ಸ್ಲೇಟನ್ನು ನನ್ನ ಕಡೆ ತಿರುಗಿಸಿದರು.

“ನೀನು ಕರೆಯದೇ ಬರ್ತೀಯ.”

ಅಡುಗೆಮನೆಗೆ ಹೋಗಿ ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದೆ. ಆಸ್ಪತ್ರೆಯ ಎರಡು ವಾರ, ಮೂಗಿನ ನಳಿಕೆಯಲ್ಲಿ ಗಂಜಿ ಹಾಕುತ್ತಿದ್ದ ದಿನಗಳು, ಯಾವುದಕ್ಕೂ ಅವರು ಒಂದು ಒಳ್ಳೆಯ ಮಾತು ಬರೆದುಕೊಟ್ಟಿರಲಿಲ್ಲ. ಈಗ ಬರೆದಿದ್ದರು. ನನಗೆ ಸಂತೋಷವಾಗಿತ್ತು. ಆದರೂ ಅವರ ಬಾಯಿಂದ ನನ್ನ ಹೆಸರು ಇನ್ನೆಂದೂ ಕೇಳಿಸುವುದಿಲ್ಲ ಎಂದು ನೆನೆದು ತೊಳೆದ ತಟ್ಟೆಯನ್ನೇ ಮತ್ತೆ ತಿಕ್ಕಿದೆ.

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಹೋಗಿ ಗೆರೆ ಎಳೆದ ಮಾತುಗಳನ್ನು ಒಂದೊಂದಾಗಿ ತೆಗೆದೆ. ಐದು ನಿಮಿಷದ ಕೆಲಸ. ಹನ್ನೆರಡು ಹೋದವು. ಹದಿಮೂರನೆಯದು ಉಳಿಯಿತು. ಹೆಡ್‌ಫೋನ್ ಹಾಕಿಕೊಂಡು ಅದನ್ನು ಒಂದು ಸಲ ಕೇಳಿದೆ. “ಪ್ರಭಾ.” ಅರ್ಧ ಸೆಕೆಂಡ್. ಕೊನೆಯಲ್ಲಿ ಒಂದು ಎಳೆತ, ಫ್ಯಾನ್ ಆಫ್ ಮಾಡಿದ್ದು ನೀನೇ ಅಂತ ಗೊತ್ತು ಎನ್ನುವ ಹಾಗೆ. ನನ್ನ ಹೆಸರಿನ ತೂಕ ಎರಡು ಸಾವಿರ ಬೈಟ್. ಅಳಿಸಲು ಕೈ ಬರಲಿಲ್ಲ.

ಎರಡು ಸಾವಿರ ಬೈಟ್ ಎಲ್ಲಾದರೂ ಉಳಿಸಬಹುದೇ ಎಂದು ನೋಡಲು ನಕ್ಷೆ ತೆರೆದೆ. ಫೈಲು ತಯಾರಾಗುವಾಗ ಅದರೊಳಗೆ ಯಾವ ವಸ್ತು ಎಲ್ಲಿದೆ, ಎಷ್ಟು ಜಾಗ ತಿಂದಿದೆ ಎಂಬ ಉದ್ದನೆಯ ಪಟ್ಟಿಯೂ ತಯಾರಾಗುತ್ತದೆ. ನಾವು ಅದನ್ನು ಮ್ಯಾಪ್ ಎನ್ನುತ್ತೇವೆ. ಸೋಮಾರಿತನಕ್ಕೆ ಯಾರೂ ಅದನ್ನು ಓದುವುದಿಲ್ಲ. ನಾನೂ ಮೂರು ದಿನದಿಂದ ಓದಿರಲಿಲ್ಲ. ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಬಂದೆ. ಸಾವಧಾನ್, ವಿಶ್ರಾಮ್, ಕಾಫಿ, ಎಲ್ಲ ಅವುಗಳ ತೂಕಕ್ಕೆ ಸರಿಯಾಗಿದ್ದವು. ಅವುಗಳ ಕೆಳಗೆ ಒಂದೇ ಒಂದು ಹೆಸರಿನ ಮುಂದೆ ನಲವತ್ತೆಂಟು ಸಾವಿರ ಎಂದಿತ್ತು.

ಅದು ಮಾತಲ್ಲ, ಪಾಟಿ. ಮಾವ ನಾಲ್ಕಾರು ನಂಬರು ಸಾಲಾಗಿ ಒತ್ತಿದರೆ ಆ ಮಾತುಗಳನ್ನೆಲ್ಲ ಜೋಡಿಸಿ ಒಟ್ಟಿಗೆ ಹೇಳಬೇಕಲ್ಲ, ಅದಕ್ಕೆ ನಾನೇ ಇಟ್ಟಿದ್ದ ಖಾಲಿ ಜಾಗ. ಸ್ಲೇಟಿನ ಹಾಗೆ ಬರೆದು ಅಳಿಸುವ ಜಾಗವಾದ್ದರಿಂದ ಹೆಸರೂ ‘ಪಾಟಿ’ ಎಂದೇ ಇಟ್ಟಿದ್ದೆ. ಖಾಲಿ ಜಾಗ ಫೈಲಿನೊಳಗೆ ಬಂದದ್ದು ಹೇಗೆ?

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ವಿಷಯ ಹೇಳಬೇಕು. ಚಿಪ್ಪಿಗೆ ಇಳಿಸುವ ಫೈಲಿನಲ್ಲಿ ಮೊದಲು ಏನೇನು ಮಾಡಬೇಕು ಎಂಬ ಆದೇಶಗಳಿರುತ್ತವೆ. ಆಮೇಲೆ ಶುರುವಿನಲ್ಲೇ ಬೆಲೆ ಗೊತ್ತಿರುವ ಮಾಹಿತಿ ಇರುತ್ತದೆ. ಮಾವನ ಮಾತುಗಳು ಈ ಜಾತಿಗೆ ಸೇರಿದವು, ಒಂದು ಬೈಟೂ ಬಿಡದೆ ಹೊತ್ತೊಯ್ಯಲೇಬೇಕು. ಇನ್ನುಳಿದದ್ದು ಶುರುವಿನಲ್ಲಿ ಖಾಲಿ ಇರುವ ಜಾಗಗಳು. ಅವನ್ನು ಫೈಲು ಹೊರುವುದಿಲ್ಲ, ‘ಇಷ್ಟು ಜಾಗ ಬೇಕು’ ಎಂದು ಅಳತೆ ಮಾತ್ರ ಬರೆದುಕೊಳ್ಳುತ್ತದೆ. ಚಿಪ್ಪು ಚಾಲೂ ಆದಾಗ ತನ್ನ ಮೆಮೊರಿಯಲ್ಲಿ ಅಷ್ಟು ಜಾಗ ಬಿಡಿಸಿ ಸೊನ್ನೆ ತುಂಬಿ ಕೊಡುತ್ತದೆ. ಮದುವೆ ಅಡುಗೆಗೆ ದೊಡ್ಡ ಖಾಲಿ ಪಾತ್ರೆ ಬೇಕಾದರೆ ಛತ್ರದವರಿಗೆ ಅಳತೆ ಹೇಳಿದರೆ ಸಾಕು, ಅಲ್ಲೇ ಸಿಗುತ್ತದೆ. ಆದರೆ ಮನೆಯಲ್ಲೇ ಆ ಪಾತ್ರೆಗೆ ಒಂದು ಚಮಚ ಹೆಪ್ಪು ಹಾಕಿಟ್ಟರೆ ಮುಗಿಯಿತು, ಒಂದು ಚಮಚಕ್ಕಾಗಿ ಇಡೀ ಪಾತ್ರೆಯನ್ನು ಟೆಂಪೋದಲ್ಲಿ ಹೊರಬೇಕು.

ನನ್ನ ಪಾಟಿಗೆ ಯಾರು ಹೆಪ್ಪು ಹಾಕಿದ್ದರು? ಪ್ರೋಗ್ರಾಮ್ ತೆರೆದು ಆ ಸಾಲಿಗೆ ಹೋದೆ. ನಲವತ್ತೆಂಟು ಸಾವಿರ ಬೈಟಿನ ಪಾಟಿಯ ನೆತ್ತಿಯಲ್ಲಿ ಒಂದೇ ಒಂದು ಅಕ್ಷರ ಬರೆದಿತ್ತು. ‘ಶ್ರೀ’.

ಬರೆದವಳು ನಾನೇ.

ನಮ್ಮ ತವರಿನಲ್ಲಿ ‘ಶ್ರೀ’ ಹಾಕದೆ ದಿನಸಿ ಚೀಟಿಯನ್ನೂ ಬರೆಯುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ, ಮನೆ ಪಾಠದ ಪುಸ್ತಕ, ಧೋಬಿ ಲೆಕ್ಕ, ಯಾವುದೇ ಹಾಳೆಯಾಗಲಿ ನೆತ್ತಿಯ ಮೇಲೆ ಮೊದಲು ‘ಶ್ರೀ’ ಬೀಳಬೇಕು. ಇದನ್ನೆಲ್ಲ ನಾನು ನಂಬುವವಳಲ್ಲ, ಆದರೆ ನನ್ನ ಕೈ ನಂಬುತ್ತದೆ. ಮಂಗಳವಾರ ಹೊಸ ಕೆಲಸ ಶುರು ಮಾಡಬೇಡ ಎಂದು ಅತ್ತೆ ಬೇರೆ ಹೇಳಿದ್ದರು. ಖಾಲಿ ಹಾಳೆ ಕಂಡ ಕೂಡಲೇ ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು. ಮಾವ ಮೊದಲ ನಂಬರು ಒತ್ತಿದ ಕೂಡಲೇ ಅಳಿಸಿಹೋಗುವ ಒಂದು ‘ಶ್ರೀ’ಗೋಸ್ಕರ, ಹನ್ನೆರಡೇ ಬೈಟಿನ ಒಂದಕ್ಷರಕ್ಕೋಸ್ಕರ, ಖಾಲಿ ಪಾಟಿ ಪೂರ್ತಿ ಫೈಲಿನೊಳಗೆ ಬಂದು ಕಾಲು ಚಾಚಿ ಮಲಗಿತ್ತು. ಅದಕ್ಕೆ ಜಾಗ ಬಿಡಲು ಮಾವ ಬಾಲ್ಕನಿಯಲ್ಲಿ ಕುಳಿತು ತಮ್ಮ ಮಾತುಗಳ ಮೇಲೆ ಗೆರೆ ಎಳೆದಿದ್ದರು.

ನಾನು ಜೋರಾಗಿ ನಕ್ಕುಬಿಟ್ಟೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಯೋಗಾನಂದ ಸಾರ್ ಕನ್ನಡಕ ಹಣೆಗೇರಿಸಿಕೊಂಡು ಬಂದರು.

“ಏನಮ್ಮಾ ಪ್ರಭಾ, ಹುಷಾರಾಗಿದೀಯಾ?”

ತೋರಿಸಿದೆ. ಅವರು ಪರದೆಯನ್ನು ನೋಡಿದರು, ಮ್ಯಾಪನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ.

“ತೆಗೆದುಬಿಡ್ತೀನಿ ಸಾರ್.”

“ಹಾಕಿದ್ದನ್ನ ತೆಗೀಬಾರದು ಕಣಮ್ಮ. ಅದಕ್ಕೆ ಬೇರೆ ಜಾಗ ಮಾಡಿಕೊಡು.”

ಹಾಗೇ ಮಾಡಿದೆ. ‘ಶ್ರೀ’ಗೆ ಅದರದೇ ಆದ ಪುಟ್ಟ ಜಾಗ ಕೊಟ್ಟೆ. ಯಾರೂ ಬಳಸದ ವಸ್ತುವನ್ನು ಕಸವೆಂದು ಗುಡಿಸಿಹಾಕುವ ಚಾಳಿ ಫೈಲು ತಯಾರಿಸುವ ಕಂಪೈಲರಿಗಿದೆ, ಆದ್ದರಿಂದ ಇದನ್ನು ಮುಟ್ಟಬೇಡ ಎಂದು ಪಕ್ಕದಲ್ಲಿ ಒಂದು ಗುರುತನ್ನೂ ಹಾಕಿದೆ. ಪಾಟಿಯನ್ನು ಖಾಲಿ ಬಿಟ್ಟೆ. ತೆಗೆದಿದ್ದ ಹನ್ನೆರಡು ಮಾತುಗಳನ್ನು ವಾಪಸು ಸೇರಿಸಿದೆ. ಈ ಸಲ ಕೆಂಪಕ್ಷರ ಬರಲಿಲ್ಲ. ಎಪ್ಪತ್ತೂ ಒಳಗೆ ಕುಳಿತು ಮೇಲೆ ಇನ್ನೂ ಎಂಟು ಸಾವಿರ ಬೈಟ್ ಉಳಿದಿತ್ತು.

ಮನೆಗೆ ಬಂದು ನಿಜ ಹೇಳಿದೆನೆಂದು ನೀವು ಅಂದುಕೊಂಡರೆ ನನ್ನನ್ನು ನಿಮಗೆ ಗೊತ್ತಿಲ್ಲ. ಎಳೆದು ಮಾತಾಡಿದಿರಿ ಎಂದು ಹಿಂದಿನ ದಿನ ತಾನೆ ಅವರಿಗೆ ಬೈದಿದ್ದೆ. “ಕಂಪ್ಯೂಟರ್‌ದು ಏನೋ ತಪ್ಪಾಗಿತ್ತು ಮಾವ, ಸರಿಹೋಯ್ತು. ಎಲ್ಲಾ ಮಾತೂ ಹಿಡಿಸ್ತು” ಎಂದು ಡಬ್ಬಿಯನ್ನು ಅವರ ಕೊರಳಿಗೆ ಹಾಕಿದೆ. ಅವರು ನನ್ನನ್ನು ಒಂದು ಥರ ನೋಡಿದರು. ಮೂವತ್ತೊಂದು ವರ್ಷ ಹೋಂವರ್ಕ್ ಮನೆಯಲ್ಲಿ ಮರೆತು ಬಂದೆ ಎನ್ನುವವರನ್ನು ನೋಡಿದ ಕಣ್ಣು. ಆಮೇಲೆ ಹದಿನೇಳು ಒತ್ತಿದರು.

“ಕಾಫಿ,” ಎಂದಿತು ಡಬ್ಬಿ. ಹಿಂದೆಯೇ ಕುಕ್ಕರಿನ ಸೀಟಿ.

ಅತ್ತೆ ಟಿವಿ ಆರಿಸಿದರು. ಎಂಟು ತಿಂಗಳ ಮೇಲೆ ಆ ದನಿ ಮನೆಯೊಳಗೆ ಕೇಳಿಸಿತ್ತು. ಅವರು ಎದ್ದು ಬಂದು ಡಬ್ಬಿಯ ಮೇಲೆ ಕೈಯಿಟ್ಟು, “ಸಕ್ಕರೆ ಹಾಕ್ಲಾ ಬೇಡ್ವಾ, ಅದನ್ನೂ ಹೇಳಿ” ಎಂದರು. ಮಾವ ಇನ್ನೊಂದು ನಂಬರು ಒತ್ತಿದರು. “ಬೇಗ,” ಎಂದಿತು ಡಬ್ಬಿ. ಗಿರಿರಾಜ್ ಬಾತ್‌ರೂಮಿನಿಂದ ಸೋಪಿನ ಮುಖದಲ್ಲೇ ಓಡಿಬಂದರು. ಅವತ್ತು ಮನೆಯಲ್ಲಿ ಎಲ್ಲರೂ ಮೂರು ಮೂರು ಸಲ ಕಾಫಿ ಕುಡಿದೆವು, ಆ ಡಬ್ಬಿ ಕೇಳಿದ್ದಕ್ಕೆಲ್ಲ ಇಲ್ಲವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ಅವರು ಒಂದು ನಂಬರನ್ನು ಮಾತ್ರ ಒತ್ತಲಿಲ್ಲ. ನಾನು ಅವರ ಎದುರಿಗೇ ಸುಳಿದಾಡುತ್ತಿದ್ದೆನಲ್ಲ, ಕರೆಯುವ ಅಗತ್ಯ ಬೀಳಲಿಲ್ಲ. ಶನಿವಾರವೂ ಬೀಳಲಿಲ್ಲ. ಬಾಯಿಬಿಟ್ಟು ಕೇಳಲು ನನಗೂ ಬಿಂಕ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೈದಾನ ಸೇರಿದೆವು. ಮಾವ ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದರು. ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಗಂಟಲಿನಲ್ಲಿ ಮಾಡಿದ್ದ ತೂತಿನ ಮೇಲೆ ಅತ್ತೆ ಇಸ್ತ್ರಿ ಮಾಡಿದ ಒಂದು ಬಿಳಿ ಕರವಸ್ತ್ರ ಕಟ್ಟಿದ್ದರು. ಅರವತ್ತು ಜನರಾದರೂ ಬಂದಿದ್ದರು. ಬೊಕ್ಕತಲೆಗಳು, ಹೊಟ್ಟೆಗಳು, ಮಂಡಿಗೆ ಪಟ್ಟಿ ಸುತ್ತಿಕೊಂಡವರು, ರೇಷ್ಮೆ ಸೀರೆಯ ಕೆಳಗೆ ಓಟದ ಶೂ ಹಾಕಿಕೊಂಡವರು. ಡಬ್ಬಿಗೆ ಮಾತು ಕಲಿಸಿದ ಖುಷಿಗೆ ಯೋಗಾನಂದ ಸಾರ್ ಕೂಡ ಬಂದು ಮೈಕಿನವನ ಪಕ್ಕ ನಿಂತಿದ್ದರು.

ಮಾವ ನಡುವೆ ನಿಂತರು. ಚನ್ನಕೇಶವ ಮೈಕನ್ನು ಡಬ್ಬಿಯ ಹತ್ತಿರ ಹಿಡಿದರು. ಮೈದಾನದಲ್ಲಿ ಗುಜುಗುಜು ನಿಂತಿತು. ಮಾವ ಕೀಪ್ಯಾಡ್ ನೋಡದೆ ಸಾಲುಗಳನ್ನೇ ನೋಡುತ್ತಿದ್ದರು. ಒತ್ತಿದರು.

“ಕಾಫಿ,” ಎಂದು ನಾಲ್ಕು ದಿಕ್ಕಿನ ಸ್ಪೀಕರುಗಳೂ ಗದರಿದವು. ಕುಕ್ಕರು ವಿಜಯನಗರಕ್ಕೆಲ್ಲ ಕೇಳುವ ಹಾಗೆ ಕೂಗಿತು.

ಅರವತ್ತು ಜನರೂ ನಕ್ಕರು. ಮಾವನೂ ನಕ್ಕರು, ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು. ನಗು ಅವರ ಅಳುಕನ್ನು ಹೊತ್ತುಕೊಂಡು ಹೋಯಿತು. ಮತ್ತೆ ಒತ್ತಿದರು.

“ಸಾವಧಾನ್.”

ನೂರಿಪ್ಪತ್ತು ಹಿಮ್ಮಡಿಗಳು ಒಂದೇ ಸಲ ಕೂಡಿಕೊಂಡವು. ಚನ್ನಕೇಶವ ಮೈಕು ಹಿಡಿದವರೇ ಅಟೆನ್ಷನ್ನಿಗೆ ನಿಂತುಬಿಟ್ಟರು. ನಗು ಎಲ್ಲಿತ್ತೋ ಅಲ್ಲೇ ಆರಿಹೋಯಿತು. ಮುಂದಿನ ಸಾಲಿನಲ್ಲಿ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆಂದು ಯಾರೋ ಹೇಳಿದ್ದ ಒಬ್ಬರ ಗಲ್ಲ ಅದುರುತ್ತಿತ್ತು. “ವಿಶ್ರಾಮ್. ಸಾವಧಾನ್. ದಹಿನೇ ಮುಡ್.” ಬಲಕ್ಕೆ ತಿರುಗಬೇಕಾದಲ್ಲಿ ಇಬ್ಬರು ಎಡಕ್ಕೆ ತಿರುಗಿದರು. “ಲೇ ಕತ್ತೆ, ಹೊಟ್ಟೆ ಒಳಗೆ,” ಎಂದಿತು ಡಬ್ಬಿ. ಅರವತ್ತು ಹೊಟ್ಟೆಗಳು ಒಳಗೆ ಹೋದವು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡು ನಗುತ್ತಾ ಅಳುತ್ತಿದ್ದರು.

ಇಪ್ಪತ್ತು ನಿಮಿಷ ಡ್ರಿಲ್ ಮಾಡಿಸಿ ಮಾವ ನೆರಳಿಗೆ ಬಂದರು. ಯೋಗಾನಂದ ಸಾರ್ ಅವರ ಕೈ ಕುಲುಕಿದರು. ನಾನು ದೂರದಲ್ಲಿ ತಿಂಡಿ ತಟ್ಟೆ ಜೋಡಿಸುತ್ತಿದ್ದೆ. ಯೋಗಾನಂದ ಸಾರ್ ಏನೋ ಹೇಳುವುದು, ಬೆರಳಿನಿಂದ ಗಾಳಿಯಲ್ಲಿ ‘ಶ್ರೀ’ ಬರೆದು ತೋರಿಸುವುದು, ಕೈಗಳನ್ನು ಅಗಲಿಸಿ ದೊಡ್ಡ ಪಾತ್ರೆಯ ಅಳತೆ ತೋರಿಸುವುದು ಎಲ್ಲ ಕಂಡಿತು. ನನ್ನ ಗುಟ್ಟು ರಟ್ಟಾಗಿತ್ತು. ಮಾವ ನಿಧಾನಕ್ಕೆ ತಿರುಗಿ ಜನರ ನಡುವೆ ನನ್ನನ್ನು ಹುಡುಕಿದರು. ಮೈಕಿನವನಿಂದ ಮೈಕು ಕಿತ್ತುಕೊಂಡು ಡಬ್ಬಿಗೆ ಹಿಡಿದರು. ಎರಡು ಬಾರಿ ಒತ್ತಿದ್ದು ಕಂಡಿತು, ಮೂರು ಮತ್ತು ಮೂರು.

“ಪ್ರಭಾ.”

ಮೈದಾನವೆಲ್ಲ ನನ್ನ ಹೆಸರು. ಕೊನೆಯ ಎಳೆತವೂ ಸೇರಿ. ಎಲ್ಲರೂ ತಿರುಗಿ ನೋಡಿದರು. ಹೋಗಬೇಕಿತ್ತು, ಕಾಲು ಏಳಲಿಲ್ಲ. ಅಲ್ಲ, ಸುಳ್ಳು ಯಾಕೆ ಹೇಳಲಿ, ಕಾಲು ಎದ್ದಿತ್ತು, ನಾನೇ ತಡೆದೆ. ಇನ್ನೊಂದು ಸಲ ಕೇಳಬೇಕಿತ್ತು ನನಗೆ.

“ಪ್ರಭಾ.”

ಹೋಗಿ ಎದುರಿಗೆ ನಿಂತೆ. ನಲವತ್ತು ವರ್ಷದವಳು ಕೈ ಹಿಂದೆ ಕಟ್ಟಿಕೊಂಡು ಹೈಸ್ಕೂಲು ಹುಡುಗಿಯ ಹಾಗೆ ನಿಂತಿದ್ದೆ. “ನಂದೇ ತಪ್ಪು ಮಾವ. ಸುಳ್ಳು ಹೇಳ್ದೆ.” ಅವರ ಮುಖದಲ್ಲಿ ಒಂದು ಗೆರೆಯೂ ಸಡಿಲವಾಗಲಿಲ್ಲ. ಇನ್ನೊಂದು ನಂಬರು ಒತ್ತಿದರು.

“ಎರಡು ಸುತ್ತು ಓಡು.”

ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಅರವತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು, ಗಿರಿರಾಜ್ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದರು. ಎರಡನೇ ಸುತ್ತಿನ ಅರ್ಧಕ್ಕೇ ಉಸಿರು ಕಟ್ಟಿ ನಾನು ನಡೆಯತೊಡಗಿದೆ. ಕೂಡಲೇ ಸ್ಪೀಕರುಗಳು ಮತ್ತೆ ನನ್ನ ಹೆಸರನ್ನು ಗದರಿದವು. ಮತ್ತೆ ಓಡಿದೆ. ಸ್ವಲ್ಪ ದೂರ ಹೋಗಿ, ಈ ಸಲ ಉಸಿರು ಚೆನ್ನಾಗಿಯೇ ಇದ್ದರೂ, ಬೇಕೆಂದೇ ನಡೆದೆ.